ಬಿಸ್ಮಿ ಹೇಳಿದ ಮಾತ್ರಕ್ಕೆ ಗುಂಡು ಕತ್ತಿಯಾಗದು

ಕಳೆದ ಮಳೆಗಾಲದ ಒಂದು ರಾತ್ರಿ, ಇಶಾ ನಮಾಝಿನ ಬಳಿಕ, ನಮ್ಮ ಮನೆಯ ಬಾಗಿಲಿಗೆ ಒಂದು ಪ್ಲಾಸ್ಟಿಕ್ ಚೀಲ ಬಂತು. ತಂದವನು ನಮ್ಮ ಹಳೆಯ ವಿದ್ಯಾರ್ಥಿ. ಘಟ್ಟದ ಬುಡದಲ್ಲಿ ಅವನ ಗೆಳೆಯರು ಹೊಡೆದ ಕಡವೆಯ ಮಾಂಸವಂತೆ. ನಾವು ಕೇಳುವ ಮೊದಲೇ ಅವನು ಉತ್ತರ ಕೊಟ್ಟ: ‘ಉಸ್ತಾದರೇ, ಸಂಶಯ ಬೇಡ. ಬಿಸ್ಮಿ ಹೇಳಿಯೇ ಈಡು ಹೊಡೆದದ್ದು.’ ಮದ್ರಸದ ಬೆಂಚಿನಲ್ಲಿ ಕೂತು ಝಬಹಿನ ನಿಯಮಗಳನ್ನು ನಮ್ಮಿಂದಲೇ ಕಲಿತವನ ಬಾಯಲ್ಲಿ ಈ ಮಾತು ಕೇಳಿದಾಗ ನಮಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಯಾಕೆಂದರೆ ಕಲಿಸುವಾಗ ನಾವು ಕೋಳಿಯ ಕತ್ತಿನಲ್ಲಿಯೇ ನಿಂತುಬಿಟ್ಟಿದ್ದೆವು. ಕೋವಿಯ ನಳಿಗೆಯ ತನಕ ಹೋಗಿರಲಿಲ್ಲ.

ಇನ್ನೊಂದನ್ನೂ ಮುಚ್ಚಿಡುವುದು ಸರಿಯಲ್ಲ. ದರ್ಸಿನಲ್ಲಿ ಓದುತ್ತಿದ್ದ ದಿನಗಳಲ್ಲಿ, ಒಂದು ಮನೆಯ ಔತಣದಲ್ಲಿ, ನಾವೂ ಇಂಥ ಮಾಂಸವನ್ನು ತಿಂದಿದ್ದೇವೆ. ಯಾರು ಹೊಡೆದರು, ಹೇಗೆ ಸತ್ತಿತು, ಕತ್ತಿ ತಾಗುವಾಗ ಜೀವ ಇತ್ತೇ ಎಂದು ಒಂದು ಮಾತನ್ನೂ ಕೇಳಲಿಲ್ಲ. ರುಚಿಯಾಗಿತ್ತು, ತಿಂದೆವು. ಆ ವರ್ಷದ ಕೊನೆಯಲ್ಲಿಯೇ ‘ಫತ್‌ಹುಲ್ ಮುಈನ್’ ಗ್ರಂಥದಲ್ಲಿ ಬೇಟೆಯ ಅಧ್ಯಾಯದ ಪಾಠವಾಯಿತು. ಆ ಪುಟವನ್ನು ಓದಿದ ದಿನ ನಮ್ಮ ಬಾಯಿಗೆ ಬಂದ ಕಹಿ ಇನ್ನೂ ಪೂರ್ತಿ ಹೋಗಿಲ್ಲ.

ಎಲ್ಲೂರಿನಲ್ಲಿ ಹೇಳಿಕೊಳ್ಳುವಂಥ ಕಾಡಿಲ್ಲ. ಉಷ್ಣವಿದ್ಯುತ್ ಸ್ಥಾವರದ ಚಿಮಣಿಯ ಹೊಗೆ ಕಾಣುವ ಈ ಸೀಮೆಯಲ್ಲಿ ಹೆಚ್ಚೆಂದರೆ ನವಿಲು, ಹಂದಿ. ಆದರೆ ನಮ್ಮವರ ನೆಂಟಸ್ತಿಕೆ ಘಟ್ಟದ ಬುಡದವರೆಗೂ ಹಬ್ಬಿದೆ. ಅಲ್ಲಿಂದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ರಜೆಯಲ್ಲಿ ಗಲ್ಫಿನಿಂದ ಬಂದ ಹುಡುಗರಿಗೆ ಜೀಪು, ಹೆಡ್‌ಲೈಟ್, ಯಾರದೋ ತೋಟಾಕೋವಿ ಸಿಕ್ಕಿದರೆ ಸಾಕು, ಒಂದು ರಾತ್ರಿಯ ಶಿಕಾರಿಗೆ ಬೇರೆ ಪ್ರೇರಣೆ ಬೇಡ. ಮರುದಿನ ಮಾಂಸ ಹಂಚುವಾಗ ಎಲ್ಲರ ಬಾಯಲ್ಲೂ ಒಂದೇ ಸಮರ್ಥನೆ: ಬಿಸ್ಮಿ ಹೇಳಿದ್ದೇವೆ. ಈ ಸಮರ್ಥನೆಯು ಧರ್ಮದ ಅರ್ಧಜ್ಞಾನದಿಂದ ಹುಟ್ಟಿದ್ದು. ಪ್ರಾಣಿ ಹೇಗೆ ಸಾಯುತ್ತದೆ ಎಂಬುದರ ಪೂರ್ಣ ಅಜ್ಞಾನದಿಂದ ಬೆಳೆದದ್ದು.

ಅದೀ ಇಬ್ನ್ ಹಾತಿಮ್(ರ)ರನ್ನು ಬಲ್ಲವರು ಬಲ್ಲರು. ಔದಾರ್ಯಕ್ಕೆ ಹೆಸರಾದ ಹಾತಿಮನ ಮಗ, ತಯ್ಯಿ ಗೋತ್ರದ ನಾಯಕ, ಬೇಟೆಯಲ್ಲಿ ನುರಿತವರು. ಅವರು ಪ್ರವಾದಿವರ್ಯರಲ್ಲಿ(ಸ) ಕೇಳಿದ ಪ್ರಶ್ನೆಗಳು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ವರದಿಯಾಗಿವೆ. ಅವು ಮನೆಯಲ್ಲಿ ಕೂತವನ ಪ್ರಶ್ನೆಗಳಲ್ಲ. ಬೇಟೆಯ ಮೈದಾನದಿಂದ ಧೂಳು ಕೊಡವಿಕೊಂಡು ಬಂದವನ ಪ್ರಶ್ನೆಗಳು. ‘ಮಿಅ್‌ರಾದ್’ ಎಂಬ ಒಂದು ಬಗೆಯ ಗರಿಯಿಲ್ಲದ ಬಾಣದ ಕುರಿತು ಅವರು ವಿಚಾರಿಸಿದರು. ಅದರ ಮೊನೆ ತಾಗಿ ಚುಚ್ಚಿ ಸತ್ತದ್ದನ್ನು ತಿನ್ನಬಹುದು, ಅಡ್ಡಲಾಗಿ ಬಡಿದು ಸತ್ತದ್ದನ್ನು ತಿನ್ನಬಾರದು ಎಂಬುದು ಅವರಿಗೆ ಸಿಕ್ಕಿದ ಉತ್ತರದ ಸಾರ. ಎರಡೂ ಸಲ ಬಾಣ ಒಂದೇ, ಬಿಟ್ಟವನೂ ಒಬ್ಬನೇ, ಬಿಸ್ಮಿಯೂ ಒಂದೇ. ತೀರ್ಪು ಬದಲಾದದ್ದು ಆಯುಧವು ಮೈಗೆ ತಾಗಿದ ಬಗೆಯಿಂದ. ಸೂರಃ ಅಲ್‌ಮಾಇದದ 3ನೆಯ ಸೂಕ್ತದಲ್ಲಿ ಶವ, ರಕ್ತ, ಹಂದಿಯ ಜೊತೆಗೆ ಏಟು ತಿಂದು ಸತ್ತ ಪ್ರಾಣಿಯೂ ನಿಷಿದ್ಧಗಳ ಸಾಲಿನಲ್ಲಿ ಸೇರಿರುವುದು ಇದಕ್ಕಾಗಿಯೇ.

ಅದೀ(ರ)ರ ವರದಿ ಅಲ್ಲಿಗೆ ಮುಗಿಯುವುದಿಲ್ಲ. ಬಾಣ ತಾಗಿದ ಪ್ರಾಣಿ ಓಡಿಹೋಗಿ ಮರುದಿನ ಸತ್ತು ಸಿಕ್ಕಿದರೆ? ಅದರಲ್ಲಿ ತನ್ನ ಬಾಣದ ಗುರುತಲ್ಲದೆ ಬೇರೇನೂ ಕಾಣದಿದ್ದರೆ ತಿನ್ನಬಹುದು. ನೀರಿಗೆ ಬಿದ್ದು ಸತ್ತು ಸಿಕ್ಕಿದರೆ? ಬೇಡ, ಕೊಂದದ್ದು ನೀರೋ ಬಾಣವೋ ತಿಳಿಯದು. ಗಮನಿಸಿ, ಇಲ್ಲಿ ಸಾವಿನ ಕಾರಣವೇ ಪ್ರಶ್ನೆಯ ಕೇಂದ್ರ. ಏನು ಕೊಂದಿತು, ಯಾವುದರಿಂದ ಕೊಂದಿತು, ಎಷ್ಟು ಖಚಿತ ಎಂದು ಹದಿನಾಲ್ಕು ಶತಮಾನಗಳ ಹಿಂದೆ ಮರುಭೂಮಿಯ ಬೇಟೆಗಾರನೊಬ್ಬ ಕೇಳಿ ತಿಳಿದುಕೊಂಡ. ಇಂದು ಮೊಬೈಲಿನಲ್ಲಿ ರೈಫಲ್ಲುಗಳ ವಿಡಿಯೋ ನೋಡುವ ನಮ್ಮ ಹುಡುಗನಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಈಗ ಗುಂಡಿನ ವಿಚಾರ. ಬಂದೂಕು ಹೊಸ ವಸ್ತು, ಹಳೆಯ ಕಿತಾಬುಗಳಲ್ಲಿ ಇದಕ್ಕೆ ಉತ್ತರವಿಲ್ಲ ಎನ್ನುವವರು ಕಿತಾಬು ತೆರೆದವರಲ್ಲ. ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ‘ಫತ್‌ಹುಲ್ ಮುಈನ್’ ಬರೆದದ್ದು 16ನೆಯ ಶತಮಾನದಲ್ಲಿ. ಪೋರ್ಚುಗೀಸರ ಬಂದೂಕಿನ ಸದ್ದು ಈ ಕರಾವಳಿಗೆ ಚೆನ್ನಾಗಿ ಪರಿಚಯವಾಗಿದ್ದ ಕಾಲ. ಪೋರ್ಚುಗೀಸರ ವಿರುದ್ಧದ ಹೋರಾಟದ ಚರಿತ್ರೆ ‘ತುಹ್ಫತುಲ್ ಮುಜಾಹಿದೀನ್’ ಬರೆದವರೂ ಅವರೇ. ಬಂದೂಕೆಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿಂದಿನ ಕಾಲದ ಮಣ್ಣಿನ ಗೋಲಿಯನ್ನೂ ಬೆಂಕಿಯ ಬಲದಿಂದ ಹಾರುವ ಈಗಿನ ಗುಂಡನ್ನೂ ಅವರು ಬೇರೆ ಬೇರೆಯಾಗಿ ಇಟ್ಟರು. ಬೆಂಕಿಯ ಗುಂಡಿನಿಂದ ಬೇಟೆಗೆ ಹೊಡೆಯುವುದನ್ನೇ ನಿಷಿದ್ಧವೆಂದರು. ಕೊಟ್ಟ ಕಾರಣಗಳು ಎರಡು: ಅದು ಸುಡುತ್ತದೆ, ಮತ್ತು ಸಾಮಾನ್ಯವಾಗಿ ಬೇಗನೆ ಪ್ರಾಣ ತೆಗೆಯುತ್ತದೆ. ಬೇಗನೆ ಪ್ರಾಣ ತೆಗೆದರೆ ಝಬಹಿಗೆ ಅವಕಾಶ ಎಲ್ಲಿ? ಅವರ ಗುರು ಇಬ್ನ್ ಹಜರ್ ಅಲ್‌ಹೈತಮಿಯವರು ಒಂದು ಸಂದು ಮಾತ್ರ ಬಿಟ್ಟಿದ್ದರು. ನುರಿತ ಗುರಿಕಾರನಿಗೆ, ತನ್ನ ಗುಂಡು ದೊಡ್ಡ ಹಕ್ಕಿಯ ರೆಕ್ಕೆಯಂಥ ಜಾಗಕ್ಕಷ್ಟೇ ತಾಗಿ ಅದನ್ನು ನಿಲ್ಲಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ ಎಂಬ ಅರಿವು ಖಚಿತವಾಗಿದ್ದರೆ, ಅನುಮತಿಗೆ ಅವಕಾಶವಿರಬಹುದು ಎಂದು. ಅಂದರೆ ಗುಂಡು ಎಲ್ಲಿ ತಾಗಬೇಕೆಂಬ ಚರ್ಚೆ ಮಕ್ಕಾದ ಫಿಖ್ಹ್ ಪಂಡಿತನ ಮೇಜಿನ ಮೇಲೆ 16ನೆಯ ಶತಮಾನದಲ್ಲಿಯೇ ಇತ್ತು. ನಮ್ಮ ಕರಾವಳಿಯ ಶಾಫಿಈ ದರ್ಸುಗಳಲ್ಲಿ ಇಂದಿಗೂ ಓದಿಸುವ ಗ್ರಂಥ ಇದು. ಎಲ್ಲಿಯೋ ಅಡಗಿರುವ ಹಸ್ತಪ್ರತಿಯಲ್ಲ.

ಇನ್ನು ಗುಂಡು ಮಾಡುವ ಕೆಲಸವನ್ನು ನೋಡೋಣ. ಪ್ರಾಣಿ ಗುಂಡಿನ ಸದ್ದಿಗೆ ಸಾಯುವುದಿಲ್ಲ, ಗುಂಡಿನ ‘ಹೊಡೆತ’ಕ್ಕೂ ಅಲ್ಲ. ಮಿದುಳಿಗೋ ಕುತ್ತಿಗೆಯ ಬೆನ್ನುಹುರಿಗೋ ತಾಗಿದರೆ ನಿಂತಲ್ಲೇ ಕುಸಿಯುತ್ತದೆ. ಹೃದಯ ಅಥವಾ ಎರಡೂ ಶ್ವಾಸಕೋಶಗಳನ್ನು ಸೀಳಿದರೆ ರಕ್ತ ಸುರಿದು, ಮಿದುಳಿಗೆ ರಕ್ತ ಹೋಗುವುದು ನಿಂತು ಸಾಯುತ್ತದೆ. ಅಷ್ಟರಲ್ಲಿ ನೂರು ಗಜ ಓಡಿದರೂ ಆಶ್ಚರ್ಯವಿಲ್ಲ. ಹೊಟ್ಟೆಗೆ ತಾಗಿದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು. ದವಡೆಗೆ ತಾಗಿದರೆ ರಕ್ತವೂ ಹೆಚ್ಚು ಹೋಗುವುದಿಲ್ಲ. ಮೇಯಲಾಗದೆ ಹಸಿವಿನಿಂದ ಸಾಯುತ್ತದೆ. ಈ ನಾಲ್ಕು ಸಾವುಗಳ ನಡುವಿನ ಅಂತರ ಮೈಮೇಲೆ ಅಳೆದರೆ ಕೆಲವು ಅಂಗುಲ ಮಾತ್ರ.

ಗುಂಡಿನ ಜಾತಿಯಿಂದಲೂ ವ್ಯತ್ಯಾಸವಾಗುತ್ತದೆ. ಚೂಪಾದ ಗಟ್ಟಿ ಗುಂಡು ಸಣ್ಣ ರಂಧ್ರ ಮಾಡಿ ಆಚೆ ಹೋಗಬಹುದು. ಮೂತಿಯಲ್ಲಿ ಮೆದು ಸೀಸ ಬಿಟ್ಟ ಗುಂಡು ಒಳಹೊಕ್ಕ ಕೂಡಲೇ ಅಣಬೆಯಂತೆ ಅರಳಿ ಅಗಲವಾದ ಗಾಯ ಮಾಡುತ್ತದೆ. ಕಲ್ಕತ್ತದ ಬಳಿಯ ಡಮ್‌ಡಮ್ ಶಸ್ತ್ರಾಗಾರದ ಹೆಸರಿನಲ್ಲಿ ಕುಖ್ಯಾತವಾದ ಇಂಥ ಗುಂಡುಗಳನ್ನು ಮನುಷ್ಯರ ಮೇಲೆ ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ತಡೆಯಿತು. ಅದೇ ಬಗೆಯ ಗುಂಡನ್ನೇ ಜಿಂಕೆಗೆ ಬಳಸಬೇಕೆಂದು ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆ ಕಡ್ಡಾಯ ಮಾಡಿತು. ಇದು ವಿರೋಧಾಭಾಸವೆಂದು ತೋರಬಹುದು. ಆದರೆ ಗಾಯಗೊಂಡ ಸೈನಿಕನನ್ನು ಆಸ್ಪತ್ರೆಗೆ ಒಯ್ಯುವವರಿದ್ದಾರೆ, ಗಾಯಗೊಂಡ ಜಿಂಕೆಗೆ ಯಾರಿದ್ದಾರೆ? ಅದಕ್ಕೆ ಬೇಗ ಬರುವ ಸಾವೇ ದಯೆ.

ನಮ್ಮಲ್ಲಿ ಬಳಕೆಯಲ್ಲಿರುವುದು ರೈಫಲ್ಲಲ್ಲ. ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ ತೋಟಾಕೋವಿ, ಇಲ್ಲವೇ ಮದ್ದು ತುಂಬುವ ಕೇಪಿನ ಕೋವಿ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೀರುಗಳಿಲ್ಲದ್ದರಿಂದ ಒಂಟಿ ಗುಂಡು ದೂರಕ್ಕೆ ನೆಟ್ಟಗೆ ಹೋಗುವುದಿಲ್ಲ. ಚರೆಯಾದರೆ ಚದುರುತ್ತದೆ, ದುಂಡಗಿನ ಸಣ್ಣ ಚರೆ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಚರೆಯ ಶಕ್ತಿ ಅದರ ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯಿತು. ವಯಸ್ಸಾದ ಗಂಡುಹಂದಿಯ ಭುಜದ ಮೇಲೆ ಚರ್ಮದಡಿ ದಪ್ಪ ಗುರಾಣಿಯಂಥ ಪದರವಿದೆ. ದೂರದ ಚರೆ ಅದನ್ನು ದಾಟದೆ ಒಳಗೇ ಕೂತು ಕೀವಾಗುತ್ತದೆ. ಕಾಟಿಯ ಬೆನ್ನಿನ ಎತ್ತರದ ಏಣು ಕಂಡು ಅದರ ಮೈಯ ನಡುಮಟ್ಟಕ್ಕೆ ಗುರಿಯಿಟ್ಟವನು ಶ್ವಾಸಕೋಶದ ಮೇಲಿಂದ ಹೊಡೆದಿರುತ್ತಾನೆ. ಅದರ ಹೃದಯವಿರುವುದು ಎದೆಯ ಕೆಳಭಾಗದಲ್ಲಿ, ಮುಂಗಾಲಿನ ಮರೆಯಲ್ಲಿ. ಇದೆಲ್ಲ ಹಗಲಿನ ಮಾತು. ರಾತ್ರಿ ಹೆಡ್‌ಲೈಟಿನ ಬೆಳಕಿಗೆ ಕಾಣುವುದು ಎರಡು ಕಣ್ಣು ಮಾತ್ರ. ಮೈ ಯಾವ ಕಡೆ ತಿರುಗಿದೆ, ಹಿಂದೆ ಏನಿದೆ, ಗಬ್ಬದ್ದೇ, ಮರಿಯ ತಾಯಿಯೇ, ಯಾರದೋ ಮನೆಯ ದನವೇ, ಒಂದೂ ತಿಳಿಯದು. ಆ ಎರಡು ಕಣ್ಣುಗಳ ನಡುವೆ ಕುದುರೆ ಎಳೆಯುವವನಿಗೆ ದವಡೆ ಮುರಿಯುವ ಸಂಭವವೂ ಮಿದುಳು ತಾಗುವ ಸಂಭವದಷ್ಟೇ ಇದೆ.

ಹೀಗೆ ಬದುಕಿ ಉಳಿದವುಗಳ ಕಥೆ ಕನ್ನಡ ಓದುಗರಿಗೆ ಹೊಸತಲ್ಲ. ಕೆನೆತ್ ಆಂಡರ್ಸನ್, ಜಿಮ್ ಕಾರ್ಬೆಟ್ ಇಬ್ಬರನ್ನೂ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. 1907ರಲ್ಲಿ ಕಾರ್ಬೆಟ್ ಕೊಂದ ಚಂಪಾವತಿನ ಹೆಣ್ಣುಹುಲಿಯ ಬಾಯಿಯ ಬಲಭಾಗದ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಸಹಜ ಬೇಟೆ ಹಿಡಿಯಲಾಗದೆ ಅದು ನರಭಕ್ಷಕವಾಯಿತೆಂದು ಅವರೇ ತಿಳಿಸಿದ್ದಾರೆ. ಯಾರೋ ಒಬ್ಬ ಬೇಟೆಗಾರ ತಪ್ಪಿದ ಕೆಲವು ಅಂಗುಲಕ್ಕೆ ನಾನೂರಕ್ಕೂ ಹೆಚ್ಚು ಮನುಷ್ಯರು ಬೆಲೆ ತೆತ್ತರು.

ಈಗ ನಮ್ಮ ಬಿಸ್ಮಿಯ ಬೇಟೆಗಾರನನ್ನು ಎರಡು ವಿಧಿಗಳ ನಡುವೆ ನಿಲ್ಲಿಸೋಣ. ಒಂದು, ಇಹ್ಸಾನ್. ಅಲ್ಲಾಹನು ಎಲ್ಲದರಲ್ಲಿಯೂ ಒಳಿತನ್ನು ವಿಧಿಸಿದ್ದಾನೆ, ಕೊಲ್ಲುವುದಾದರೂ ಚೆನ್ನಾಗಿ ಕೊಲ್ಲಿ, ಕತ್ತಿಯನ್ನು ಮಸೆಯಿರಿ, ಪ್ರಾಣಿಗೆ ನೆಮ್ಮದಿ ಕೊಡಿ ಎಂಬ ಆಶಯದ ಹದೀಸನ್ನು ಶದ್ದಾದ್ ಇಬ್ನ್ ಔಸ್(ರ) ವರದಿ ಮಾಡಿದ್ದಾರೆ. ಇದರ ಪ್ರಕಾರ ಗುಂಡು ಹೊಡೆಯುವವನು ತಕ್ಷಣ ಸಾಯುವ ಜಾಗಕ್ಕೇ ಹೊಡೆಯಬೇಕು. ಎರಡು, ಝಬಹ್. ನಮ್ಮ ಮದ್‌ಹಬಿನ ಪ್ರಕಾರ ಗುಂಡಿನಿಂದಲೇ ಸತ್ತದ್ದು ಶವ. ಆದ್ದರಿಂದ ಮಾಂಸ ಬೇಕಾದವನು ತಕ್ಷಣ ಸಾಯದ ಜಾಗಕ್ಕೆ ಹೊಡೆದು, ಜೀವ ಗಟ್ಟಿಯಾಗಿರುವಾಗಲೇ ಓಡಿ ಹೋಗಿ ಕತ್ತು ಕೊಯ್ಯಬೇಕು. ಗುಂಡು ಎಷ್ಟು ಚೆನ್ನಾಗಿ ಕೆಲಸ ಮಾಡಿತೋ ಮಾಂಸ ಅಷ್ಟು ಹರಾಮಾಯಿತು. ಮಾಂಸ ಹಲಾಲಾಗಲೆಂದು ಕಾಲಿಗೆ ಹೊಡೆದರೆ ಅಷ್ಟು ಕ್ರೂರವಾಯಿತು. ಅದೂ ಕತ್ತಲಲ್ಲಿ, ಮುಳ್ಳುಪೊದೆಯಲ್ಲಿ, ಕೊಂಬಿನ ಕಡವೆಯ ಬೆನ್ನು ಹತ್ತಿ! ನುರಿತ ಶಿಕಾರಿಗಳು ಹೇಳುವ ಪಾಠವೋ ಇದಕ್ಕೆ ವಿರುದ್ಧ: ಏಟು ತಿಂದದ್ದನ್ನು ಕೂಡಲೇ ಅಟ್ಟಬೇಡಿ, ಅದು ಮಲಗಿ ಮರಗಟ್ಟುವವರೆಗೆ ಕಾಯಿರಿ. ಕಾದರೆ ಸಿಗುವುದು ಶವ. ಬಾಣಕ್ಕೆ, ಈಟಿಗೆ, ತರಬೇತಾದ ನಾಯಿಗೆ ಇಲ್ಲದ ಈ ಇಕ್ಕಟ್ಟು ಬಂದೂಕಿಗೆ ಇದೆ. ಇದರಿಂದ ಹೊರಬರುವ ದಾರಿಯನ್ನು ತೋರಿಸಿ ಎಂದು ನಾವು ಹಲವು ಬಾರಿ ಕೇಳಿದ್ದೇವೆ. ಸಿಕ್ಕಿದ ಉತ್ತರ ‘ಎಲ್ಲರೂ ತಿನ್ನುತ್ತಾರಲ್ಲ’ ಎಂಬುದು.

ಸ್ವಲ್ಪ ಓದಿದವರು ಬೇರೊಂದು ಉತ್ತರ ಕೊಡುತ್ತಾರೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಮಾಲಿಕೀ ಪಂಡಿತರಲ್ಲಿ ದರ್ದೀರ್, ಯಮನಿನ ಶೌಕಾನಿ ಮೊದಲಾದವರು ಸೀಸದ ಗುಂಡು ಚುಚ್ಚಿ ಒಳಹೊಕ್ಕು ರಕ್ತ ಹರಿಸುವುದರಿಂದ ಅದರ ಬೇಟೆ ಹಲಾಲ್ ಎಂದಿದ್ದಾರೆ. ಈಚಿನ ಅರಬ್ ವಿದ್ವಾಂಸರಲ್ಲಿಯೂ ಆ ಅಭಿಪ್ರಾಯದವರು ಬಹಳ. ಅವರ ವಾದಕ್ಕೆ ಬಲವಿದೆ. ಅದನ್ನು ಅನುಸರಿಸುವವನನ್ನು ನಾವು ದೂಷಿಸುವುದಿಲ್ಲ. ಆದರೆ ವರ್ಷಪೂರ್ತಿ ಶಾಫಿಈ, ಶಿಕಾರಿಯ ರಾತ್ರಿ ಮಾತ್ರ ಮಾಲಿಕೀ ಆಗುವವನನ್ನು ಏನೆನ್ನಬೇಕು? ಆ ಅಭಿಪ್ರಾಯವನ್ನೇ ಹಿಡಿದರೂ ಅದರ ಷರತ್ತುಗಳನ್ನು ಬಿಡುವಂತಿಲ್ಲ. ಜೀವವಿರುವಾಗ ಸಿಕ್ಕಿದರೆ ಝಬಹ್ ಮಾಡಲೇಬೇಕು. ತೋಡಿನ ನೀರಲ್ಲಿ ಬಿದ್ದು ಸತ್ತದ್ದರಲ್ಲಿ ಸಂಶಯ ಉಳಿಯುತ್ತದೆ. ಇಹ್ಸಾನಿನ ಬಾಧ್ಯತೆಯನ್ನಂತೂ ಯಾವ ಮದ್‌ಹಬೂ ಮನ್ನಾ ಮಾಡಿಲ್ಲ.

ಮತ್ತು ಈ ನಾಡಿನ ಕಾಯಿದೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಕಡವೆ, ಕಾಟಿ ಮೊದಲಾದವುಗಳ ಬೇಟೆ ಅಪರಾಧ. 2022ರ ತಿದ್ದುಪಡಿಯ ನಂತರ ಒಂದನೇ ಪರಿಶಿಷ್ಟದ ಪ್ರಾಣಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬೆಳೆ ರಕ್ಷಣೆಗೆ ಸಿಕ್ಕಿದ ಕೋವಿಯ ಪರವಾನಗಿ ಕೋವಿ ಇಟ್ಟುಕೊಳ್ಳಲು ಕೊಟ್ಟದ್ದು, ಬೇಟೆಗೆ ಕೊಟ್ಟದ್ದಲ್ಲ. ನಾವು ಬದುಕುವ ನಾಡಿನೊಂದಿಗಿನ ಒಡಂಬಡಿಕೆಯನ್ನು ಮುರಿದು ತಂದ ಮಾಂಸಕ್ಕೆ ಬಿಸ್ಮಿಯ ಮುದ್ರೆ ಒತ್ತುವುದು ಬಿಸ್ಮಿಗೇ ಅವಮಾನ. ಇಹ್ರಾಮಿನಲ್ಲಿದ್ದ ವಿಶ್ವಾಸಿಗಳನ್ನು ಕೈಗೂ ಈಟಿಗೂ ಎಟಕುವ ಬೇಟೆಯಿಂದಲೇ ಪರೀಕ್ಷಿಸಲಾಗುವುದೆಂದು ಅಲ್‌ಮಾಇದ 94ರಲ್ಲಿ ತಿಳಿಸಲಾಗಿದೆ. ಎಟಕದ ಬೇಟೆಯನ್ನು ಬಿಡುವುದರಲ್ಲಿ ಪರೀಕ್ಷೆ ಏನಿದೆ? ಜೀಪಿನ ಬೆಳಕಿಗೆ ಕಣ್ಣು ಕುಕ್ಕಿ ಇಪ್ಪತ್ತು ಹೆಜ್ಜೆಯಲ್ಲಿ ನಿಂತ ಕಡವೆಯೂ ಎಟಕುವ ಬೇಟೆಯೇ. ಹಸಿವಿನ ನೆಪ ಯಾರೂ ಹೇಳಬೇಡಿ. ಎಲ್ಲೂರಿನಿಂದ ಯಾವ ದಿಕ್ಕಿಗೆ ಹೊರಟರೂ ಮೊದಲ ಜಂಕ್ಷನ್ನಿನಲ್ಲಿ ಕೋಳಿ ಅಂಗಡಿ ಸಿಗುತ್ತದೆ.

ಹಂದಿಯ ವಿಷಯ ಬೇರೆ, ಮತ್ತು ನಮ್ಮ ಮಟ್ಟಿಗೆ ಅದೇ ಹೆಚ್ಚು ಕಷ್ಟದ್ದು. ಒಂದೇ ರಾತ್ರಿಯಲ್ಲಿ ಗದ್ದೆಯ ಬೆಳೆ ಮಗುಚುವುದನ್ನೂ ಅಡಿಕೆಯ ಎಳೆಗಿಡ ಕಿತ್ತೆಸೆಯುವುದನ್ನೂ ಕಂಡವರಿಗೆ ರೈತನ ಸಂಕಟ ಹೇಳಬೇಕಾಗಿಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿಟ್ಟು ಬರಬೇಕಾದ ಕಿರುಕುಳವೂ ನಿಜ. ಕೇರಳದಲ್ಲಿ 2022ರಿಂದ ಹಾನಿಕಾರಕ ಹಂದಿಯನ್ನು ಕೊಲ್ಲಿಸಲು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಅಧಿಕಾರ ಕೊಡಲಾಯಿತು. ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲುವುದಕ್ಕೆ ಫಿಖ್ಹ್ ಅಡ್ಡಿಯಿಲ್ಲ. ಅಧಿಕಾರಿಗಳ ಅಪ್ಪಣೆಯಿದ್ದರೆ ಕಾಯಿದೆಯೂ ಅಡ್ಡಿಯಿಲ್ಲ. ಹೇಗೆ ಕೊಲ್ಲುವುದು ಎಂಬಲ್ಲಿ ಪ್ರಶ್ನೆ.

ಹರಾಮ್ ಪ್ರಾಣಿ ತಾನೇ, ಹೇಗೆ ಸತ್ತರೇನು ಎಂಬ ಮಾತನ್ನು ನಾವು ನಮ್ಮ ಕಿವಿಯಾರೆ ಕೇಳಿದ್ದೇವೆ. ಎರಡು ವರ್ಷಗಳ ಹಿಂದೆ ಸಂಬಂಧಿಕರೊಬ್ಬರ ತೋಟದಲ್ಲಿ, ತೋಡಿನ ಬದಿಯ ಕೆಸರಲ್ಲಿ, ಒಂದು ಹಂದಿ ಬಿದ್ದಿತ್ತು. ಕೆಳದವಡೆ ಜೋತಾಡುತ್ತಿತ್ತು. ನೀರು ಮುಟ್ಟುತ್ತಿತ್ತು, ಕುಡಿಯಲಾಗುತ್ತಿರಲಿಲ್ಲ. ಗಾಯದಲ್ಲಿ ಹುಳವಿತ್ತು, ಏಟು ಬಿದ್ದು ದಿನಗಳೇ ಆಗಿರಬೇಕು. ಅರಣ್ಯ ಇಲಾಖೆಗೆ ಫೋನು ಮಾಡಿ, ಅವರು ಬರುವುದರೊಳಗೆ ಅದು ಸತ್ತಿತ್ತು. ನೋಡಲು ನೆರೆದವರಲ್ಲಿ ಒಬ್ಬ ಯುವಕ ನಮ್ಮ ಬಳಿ ಬಂದು ವಿನಯದಿಂದ ಕೇಳಿದ ಪ್ರಶ್ನೆ: ‘ಉಸ್ತಾದರೇ, ಕೈ ತಾಗಿದರೆ ಏಳು ಸಲ ತೊಳೆಯಬೇಕಲ್ಲವೇ, ಮಣ್ಣು ಎಷ್ಟನೇ ಸಲ?’ ಪ್ರಶ್ನೆ ಸರಿಯಾದದ್ದೇ. ಉತ್ತರವನ್ನೂ ಕೊಟ್ಟೆವು: ಏಳರಲ್ಲಿ ಯಾವುದಾದರೂ ಒಂದು ಸಲ. ಆದರೆ ತೊಳೆಯುವ ವಿಧಿ ಅಷ್ಟು ನೆನಪಿದ್ದವನಿಗೆ ಕೊಲ್ಲುವ ವಿಧಿ ಒಂದೂ ನೆನಪಿರಲಿಲ್ಲ.

ಶದ್ದಾದ್(ರ)ರ ಹದೀಸಿನಲ್ಲಿ ತಿನ್ನುವ ಪ್ರಾಣಿ, ತಿನ್ನದ ಪ್ರಾಣಿ ಎಂಬ ಭೇದವಿಲ್ಲ. ಹಲ್ಲಿಯನ್ನು ಕೊಲ್ಲುವ ಕುರಿತ ಹದೀಸನ್ನು ನೋಡಿ. ಹಲ್ಲಿಯನ್ನು ಯಾರು ತಿನ್ನುತ್ತಾರೆ? ಅಲ್ಲಿಯೂ ಮೊದಲ ಏಟಿಗೆ ಕೊಂದವನಿಗೆ ಹೆಚ್ಚು ಪುಣ್ಯ, ಎರಡನೇ ಏಟಿಗೆ ಕಡಿಮೆ, ಮೂರನೇ ಏಟಿಗೆ ಇನ್ನೂ ಕಡಿಮೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಒಂದೇ ಏಟು. ಶಿಕಾರಿಯ ಪುಸ್ತಕಗಳು ನೂರು ಪುಟಗಳಲ್ಲಿ ಕಲಿಸುವುದೂ ಇದನ್ನೇ. ಕಟ್ಟಿಹಾಕಿದ ಹಕ್ಕಿಗೆ ಬಾಣ ಬಿಡುತ್ತಿದ್ದ ಹುಡುಗರನ್ನು ಕಂಡು ಇಬ್ನ್ ಉಮರ್(ರ) ಸಿಡಿದದ್ದು, ಜೀವವಿರುವುದನ್ನು ಗುರಿಹಲಗೆ ಮಾಡಿದವರನ್ನು ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ನೆನಪಿಸಿದ್ದು ನಮಗೆ ತಿಳಿದೇ ಇದೆ. ಹೊಸ ಕೋವಿಯ ಗುರಿ ಪರೀಕ್ಷಿಸಲು ಹಂದಿಗೆ ಹೊಡೆಯುವವನು ಆ ಹುಡುಗರ ಸಾಲಿನಲ್ಲಿಯೇ ನಿಲ್ಲುತ್ತಾನೆ.

ಆದ್ದರಿಂದ ಅಪ್ಪಣೆ ಪಡೆದು ಹಂದಿಗೆ ಹೊಡೆಯುವ ರೈತನಿಗೆ ಗುರಿಯ ವಿದ್ಯೆ ಹವ್ಯಾಸವಲ್ಲ, ಬಾಧ್ಯತೆ. ಹಗಲು ರಟ್ಟಿನ ಮೇಲೆ ಹೊಡೆದು ತನ್ನ ಕೋವಿಯ ಚರೆ ಎಷ್ಟು ಗಜಕ್ಕೆ ಎಷ್ಟು ಚದುರುತ್ತದೆ ಎಂದು ಅವನು ನೋಡಿರಬೇಕು. ಪ್ರಾಣಿ ಅಡ್ಡಲಾಗಿ ನಿಂತು ಮುಂಗಾಲಿನ ಹಿಂದಿನ ಜಾಗ ಕಾಣುವವರೆಗೆ ಕಾಯಬೇಕು. ಕಾಣದಿದ್ದರೆ ಕೋವಿ ಇಳಿಸಬೇಕು. ಏಟು ತಿಂದು ಓಡಿದ್ದನ್ನು ಬೆಳಗಾದ ಮೇಲಾದರೂ ಹುಡುಕಿ ಮುಗಿಸಬೇಕು. ಇಷ್ಟು ತಾಳ್ಮೆ ಇಲ್ಲದವನು ಬೇರೆಯವರನ್ನು ಕರೆಯಲಿ. ಉರುಳು, ಸಿಡಿಮದ್ದಿನ ಉಂಡೆಗಳನ್ನು ಇಡುವವರ ಬಗ್ಗೆ ಚರ್ಚೆಯೇ ಬೇಡ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಛಿದ್ರವಾದ ಗಬ್ಬದ ಆನೆ ಹೊಳೆಯ ನೀರಲ್ಲಿ ನಿಂತು ಪ್ರಾಣ ಬಿಟ್ಟದ್ದನ್ನು ಜಗತ್ತೇ ನೋಡಿತು. ಅಂದು ಕೆಲವರು ಜಿಲ್ಲೆಯ ಹೆಸರನ್ನು ಮಲಪ್ಪುರಂ ಎಂದು ಬದಲಿಸಿ ಒಂದು ಸಮುದಾಯದ ಮೇಲೆ ಕೆಸರೆರಚಿದರು. ಅದಕ್ಕೆ ನಾವೆಲ್ಲ ನೊಂದೆವು, ಪ್ರತಿಭಟಿಸಿದೆವು. ಪ್ರತಿಭಟಿಸಿದ ಅದೇ ಬಾಯಿ ನಮ್ಮ ಪಕ್ಕದ ತೋಟದ ಉರುಳಿನ ಬಗ್ಗೆ ಮುಚ್ಚಿರುವುದು ಹೇಗೆ?

ಚೀಲದ ಕಥೆ ಉಳಿಯಿತು. ನಾವು ಅದನ್ನು ತೆಗೆದುಕೊಳ್ಳಲಿಲ್ಲ. ‘ಕತ್ತು ಕೊಯ್ಯುವಾಗ ಜೀವ ಇತ್ತೇ?’ ಎಂದಷ್ಟೇ ಕೇಳಿದೆವು. ಅವನಿಗೆ ತಿಳಿದಿರಲಿಲ್ಲ, ಅಲ್ಲಿಯೇ ನಿಂತು ಗೆಳೆಯನಿಗೆ ಫೋನು ಮಾಡಿದ. ಆಚೆಯಿಂದ ಬಂದ ಉತ್ತರ ನಮಗೂ ಕೇಳಿಸಿತು: ರಾತ್ರಿ ಹೊಡೆದದ್ದು, ಬೆಳಿಗ್ಗೆ ತೋಡಿನಲ್ಲಿ ಸಿಕ್ಕಿದ್ದು. ಅವನು ಬಹಳ ಹೊತ್ತು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ, ಮನೆಯಲ್ಲಿ ಉಮ್ಮ ಆಗಲೇ ಒಂದು ಪಾಲು ಬೇಯಿಸಲು ಇಟ್ಟಿದ್ದಾರೆ ಎಂದು ಮಳೆಯಲ್ಲಿಯೇ ಓಡಿದ.

ವಲ್ಲಾಹು ಅಅ್‌ಲಮ್.